ಹುಳದ ಮನೆಯ ಹೆಡರ್ ಫೈಲು

ಸಾತನೂರಿನ ನನ್ನ ಚಿಕ್ಕಮ್ಮನ ರೇಷ್ಮೆಹುಳದ ಮನೆಗೆ ನಾನೊಂದು ಸಣ್ಣ ಯಂತ್ರ ಮಾಡಿಕೊಟ್ಟಿದ್ದೆ. ಗಾಳಿಯ ತೇವಾಂಶ ಶೇಕಡಾ ಎಪ್ಪತ್ತಕ್ಕಿಂತ ಇಳಿದರೆ ಅದು ತಾನಾಗಿಯೇ ಮಂಜಿನಂತೆ ನೀರು ಸಿಂಪಡಿಸುತ್ತಿತ್ತು. ಈ ಸಲ ತೀರ ಎಳೆಯ ಹುಳು ತಂದಿದ್ದರಿಂದ ಎಪ್ಪತ್ತನ್ನು ಎಂಬತ್ತೈದು ಮಾಡಬೇಕಿತ್ತು. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಂಥ ಅಂಕಿಗಳನ್ನು ಹೆಡರ್ ಫೈಲು ಎಂಬ ಪ್ರತ್ಯೇಕ ಕಡತದಲ್ಲಿ, ಒಂದೊಂದಕ್ಕೂ ಹೆಸರು ಕೊಟ್ಟು, ಮ್ಯಾಕ್ರೋ ಆಗಿ ಬರೆದಿಡುತ್ತೇವೆ. ಆ ಒಂದು ಸಾಲು ತಿದ್ದಿ, ಪ್ರೋಗ್ರಾಮನ್ನು ಮತ್ತೆ ಯಂತ್ರಕ್ಕೆ ತುಂಬಿದೆ. ಯಂತ್ರ ಎಪ್ಪತ್ತನ್ನು ಬಿಟ್ಟು ಕದಲಲಿಲ್ಲ. ಮಧ್ಯಾಹ್ನದೊಳಗೆ ನಾಲ್ಕು ಸಲ ತುಂಬಿದರೂ ಅದೇ ಕತೆ. ಚಿಕ್ಕಮ್ಮ ಪಕ್ಕದಲ್ಲೇ ಕೂತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು.

“ನಾನು ಬರೆದಿದ್ದನ್ನ ಇದು ಓದ್ತಾನೇ ಇಲ್ಲ ಚಿಕ್ಕಮ್ಮ,” ಅಂದೆ.

“ಬ್ಯಾರೆ ಯಾರೋ ಬರ್ದಿದ್ದು ಓದ್ತಾ ಐತೇನೋ, ಒಸಿ ನೋಡಪ್ಪ.”

ನಗುತ್ತಲೇ ಹುಡುಕಿದೆ. ಇನ್ನೊಂದು ಫೋಲ್ಡರಿನಲ್ಲಿ ಅದೇ ಹೆಸರಿನ ಹಳೆಯ ಹೆಡರ್ ಫೈಲು, ಅದೇ ಎಪ್ಪತ್ತನ್ನು ಹೊತ್ತು ಕೂತಿತ್ತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಪ್ರತಿಸಲ ಅದನ್ನೇ ಮೊದಲು ಎತ್ತಿಕೊಳ್ಳುತ್ತಿತ್ತು. ಅದನ್ನು ಅಳಿಸಿ ಮತ್ತೆ ತುಂಬಿದ್ದೇ ತಡ, ಸಣ್ಣಗೆ ನೀರು ಚಿಮ್ಮಿತು.

“ಯಾರಪ್ಪ ಅದ್ನ ಬರ್ದಿದ್ದು?” ಎಂದು ಚಿಕ್ಕಮ್ಮ ಕೇಳಿದರು.

ಹೋದ ವರ್ಷ ಬರೆದವನು ನಾನೇ ಎಂದು ಒಪ್ಪಿಕೊಂಡೆ. ಅವರು ಕತ್ತಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.