ರಾಜೀನಾಮೆ ಜೇಬಿನಲ್ಲಿಟ್ಟುಕೊಂಡು ಪಾವಗಡದಿಂದ ವಾಪಸು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಆಷಾಢದ ಶುಕ್ರವಾರ, ಬೆಳಗ್ಗೆ ಏಳರ ಖಾಸಗಿ ಬಸ್ಸಿಗೆ ಕೊರಟಗೆರೆ ಬಿಟ್ಟೆ. ಜೇಬಿನಲ್ಲಿ ಹಿಂದಿನ ದಿನ ಬಂದ ಕಾರ್ಡಿತ್ತು. ಬರೆದವಳು ಗಿರಿಜಾ. ತರಬೇತಿಯ ಕಾಲದಲ್ಲಿ ನಮ್ಮ ಶಾಲೆಗೆ ಬಂದು, ಒಂದು ತಿಂಗಳು ನನ್ನ ಕಣ್ಣೆದುರು ಪಾಠ ಮಾಡಿ ಕಲಿತ ಹುಡುಗಿ. ಕೆಲಸ ಸಿಕ್ಕಿ ಆರು ವಾರವಾಗಿತ್ತು. ವೈ.ಎನ್.ಹೊಸಕೋಟೆಯಿಂದ ಮೂರು ಮೈಲಿ ಆಚೆಯ ಹಳ್ಳಿ, ಒಬ್ಬರೇ ಮೇಷ್ಟ್ರ ಶಾಲೆ. ‘ಮಕ್ಕಳು ಬಾಯೇ ಬಿಡುವುದಿಲ್ಲ. ಶನಿವಾರ ರಾಜೀನಾಮೆ ಕೊಡುತ್ತೇನೆ. ಕ್ಷಮಿಸಿ’ ಎಂದಷ್ಟೇ ಬರೆದಿದ್ದಳು.

ಮಧುಗಿರಿಗೆ ಒಂದೂಕಾಲು ರೂಪಾಯಿ ಚಾರ್ಜು. ಅಲ್ಲಿ ಇಡ್ಲಿ ತಿಂದೆ, ರುಚಿ ಗೊತ್ತಾಗಲಿಲ್ಲ. ನನಗೆ ಹೆದರಿಕೆ ಇದ್ದದ್ದು ಗಿರಿಜಾಳ ಬಗ್ಗೆ ಮಾತ್ರವಲ್ಲ, ನನ್ನ ಬಗ್ಗೆಯೂ. ಹಿಂದಿನ ವರ್ಷ ಸಿರಾ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಮೇಷ್ಟ್ರೊಬ್ಬನ ಪಾಠ ನೋಡಲು ಹೋಗಿದ್ದೆ. ಅವನು ಭಾಗಾಕಾರದಲ್ಲಿ ತಡವರಿಸಿದ. ನಾನು ತಡೆಯಲಾರದೆ ಎದ್ದು ಹೋಗಿ ಅವನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಸೊಗಸಾಗಿ ಪಾಠ ಮಾಡಿಬಿಟ್ಟೆ. ಮರುದಿನದಿಂದ ಮಕ್ಕಳು ಅವನನ್ನು ‘ಚಿಕ್ಕ ಮೇಷ್ಟ್ರು’ ಎಂದರು, ಅವನ ಮಾತು ಕೇಳುವುದನ್ನು ಬಿಟ್ಟರು. ಮೂರು ತಿಂಗಳಿಗೆ ಅವನು ಕೆಲಸ ಬಿಟ್ಟು ಸೊಸೈಟಿಯ ಗುಮಾಸ್ತನಾದ.

ಮಿಡಿಗೇಶಿ ದಾಟಿ, ಸ್ವಲ್ಪ ದೂರ ಆಂಧ್ರದ ನೆಲದಲ್ಲಿ ಕುಲುಕಾಡಿ, ಬಸ್ಸು ಪಾವಗಡ ತಲುಪುವಾಗ ಮಧ್ಯಾಹ್ನವಾಗಿತ್ತು. “ಹೊಸಕೋಟೆ ಬಸ್ಸು ಹೋಗ್ಬುಡ್ತು ಸ್ವಾಮಿ, ಇನ್ನು ಮೂರೂವರೆಗೇ” ಎಂದ ನಿಲ್ದಾಣದ ಏಜೆಂಟ್. ಮಂಡಕ್ಕಿ ಒಗ್ಗರಣೆ ತಗೊಂಡು ಅರ್ಧ ಬಿಟ್ಟೆ. ಅವಳು ಇವತ್ತೇ ಕಾಗದ ಕಳಿಸಿಬಿಟ್ಟಿದ್ದರೆ ಎಂದು ಕೂತಲ್ಲಿ ಕೂರಲಾಗಲಿಲ್ಲ.

ಹೊಸಕೋಟೆಯಲ್ಲಿ ಇಳಿದು, ಗಾಳಿಗೆ ಪಂಚೆ ಹಿಡಿದುಕೊಂಡೇ ಮೂರು ಮೈಲಿ ನಡೆದೆ. ಗಿರಿಜಾ ಬಾಡಿಗೆಗಿದ್ದದ್ದು ಕಡಲೆಕಾಯಿ ವ್ಯಾಪಾರದ ನಾಗಮ್ಮನವರ ಮನೆಯಲ್ಲಿ. “ರಾಂಡಿ ಸಾರ್, ಕೂಕಳಿ. ಟೀಚರಮ್ಮ ಮೂರು ದಿನದಿಂದ ಸರಿಗೆ ಉಣ್ಣಾದೇ ಇಲ್ಲ, ನೀವಾದ್ರೂ ಚೆಪ್ಪಂಡಿ, ಒಂದು ಮಾತು ಹೇಳಿ” ಎಂದರು ಆಕೆ, ತೆಲುಗು ಬೆರೆತ ಕನ್ನಡದಲ್ಲಿ. ಗಿರಿಜಾ ಒಳಗಿನಿಂದ ಬಂದವಳು ಅಂಟಿಸಿದ ಲಕೋಟೆಯೊಂದನ್ನು ನನ್ನ ಕೈಗಿಟ್ಟಳು.

“ಪಾವಗಡದ ಆಫೀಸಿಗೆ ನೀವೇ ಕೊಟ್ಬುಡಿ ಸಾರ್. ನಂಗೆ ಹೋಗೋ ಧೈರ್ಯ ಇಲ್ಲ.”

“ನಾಳೆ ನಿನ್ನ ಪಾಠ ನೋಡ್ತೀನಿ ಕಣಮ್ಮ. ಆಮೇಲೆ ಮಾತಾಡೋಣ” ಎಂದು ಲಕೋಟೆಯನ್ನು ಜೇಬಿಗೆ ಹಾಕಿಕೊಂಡೆ.

ಶನಿವಾರ ಬೆಳಗಿನ ಶಾಲೆ. ನಾನು ಒಳಗೆ ಬಂದೊಡನೆ ಮಕ್ಕಳೆಲ್ಲ ಎದ್ದು ನಿಂತರು, ಗಿರಿಜಾ ಇದ್ದ ಒಂದೇ ಕುರ್ಚಿಯನ್ನು ನನ್ನತ್ತ ತಳ್ಳಿದಳು. ಬೇಡವೆಂದು ಹಿಂದೆ ಹೋಗಿ ಗೋಡೆಗೊರಗಿ ಚಾಪೆಯ ಮೇಲೆ ಕೂತೆ. ಪಾಠ ಕಡಲೆಕಾಯಿ ಗಿಡದ್ದು. ಕಡಲೆಕಾಯಿ ಬೆಳೆಯುವವರ ಮಕ್ಕಳಿಗೇ ಆ ಪಾಠ. “ಕಾಯಿ ಎಲ್ಲಿ ಬಿಡುತ್ತೆ?” ಎಂದು ಕೇಳಿದಳು. ಯಾರೂ ಉಸಿರೆತ್ತಲಿಲ್ಲ. ಇನ್ನೊಮ್ಮೆ ಕೇಳಿದಳು. ಅವಳ ಕಣ್ಣು ನನ್ನ ಕಡೆ ಬಂತು. ನನ್ನ ಬಲಗೈ ಆಗಲೇ ಸೀಮೆಸುಣ್ಣಕ್ಕೆ ಹಾತೊರೆಯುತ್ತಿತ್ತು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಪಕ್ಕದಲ್ಲಿದ್ದ ಲಕ್ಷ್ಮಕ್ಕ ಎಂಬ ಪುಟ್ಟ ಹುಡುಗಿ ತನ್ನಷ್ಟಕ್ಕೆ “ಭೂಮಿಲೋ” ಎಂದಳು. ಅಂದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೆದರಿ ನನ್ನನ್ನು ನೋಡಿದಳು. ಉತ್ತರ ಸರಿಯಾಗಿತ್ತು. ಮತ್ತೆ ಯಾಕೆ ಹೆದರಿದಳೆಂದು ನನಗೆ ತಿಳಿಯಲಿಲ್ಲ.

ಬಿಡುವಿನಲ್ಲಿ ಗಿರಿಜಾಳನ್ನು ಕೇಳಿದೆ.

“ತೆಲುಗು ಆಡಿದವರನ್ನ ಮೂಲೇಲಿ ನಿಲ್ಲಿಸ್ತೀನಲ್ಲ ಸಾರ್, ಅದಕ್ಕೆ.”

“ಹಂಗ್ಯಾಕೆ ಮಾಡ್ತೀಯಮ್ಮ? ಇವರ ಮನೇಲಿ ಆಡೋದೇ ತೆಲುಗು.”

ಅವಳು ಚೀಲದಿಂದ ತರಬೇತಿಯ ಪಾಠಟಿಪ್ಪಣಿ ಪುಸ್ತಕ ತೆಗೆದು ಮೊದಲ ಪುಟ ತೋರಿಸಿದಳು. ‘ತರಗತಿಯೊಳಗೆ ಬೇರೆ ಭಾಷೆ ಸಲ್ಲದು. ಆಡಿದವರನ್ನು ನಿಲ್ಲಿಸಿ.’ ಕೆಂಪು ಶಾಯಿ, ಕೆಳಗೆ ನನ್ನ ರುಜು. ಕೊರಟಗೆರೆಯಲ್ಲಿ ಕೂತು, ಇಂಥ ಊರೊಂದಿದೆ ಎಂಬುದನ್ನೇ ನೆನೆಯದೆ ಬರೆದದ್ದು. ಅವಳು ಅದನ್ನು ಅಕ್ಷರಶಃ ಪಾಲಿಸಿದ್ದಳು. ನನಗೆ ನಾಚಿಕೆಯಾಯಿತು. ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ.

“ತಪ್ಪು ನಂದು ಕಣಮ್ಮ.”

“ಹಂಗಾದ್ರೆ ಮಕ್ಕಳಿಗೆ ನೀವೇ ಹೇಳ್ಬುಡಿ ಸಾರ್.”

“ನಾನು ಹೇಳಿದ್ರೆ ಅವರು ನನ್ನ ಮಾತು ಕೇಳ್ತಾರೆ. ನಾನು ನಾಳೆ ಇರಲ್ಲ. ನೀನೇ ಹೇಳ್ಬೇಕು.”

ಬಿಡುವು ಮುಗಿದ ಮೇಲೆ ಅವಳು ಕಡಲೆಕಾಯಿ ಗಿಡವೊಂದನ್ನು ಬೇರುಸಮೇತ ಕಿತ್ತು ತಂದು ಎತ್ತಿ ಹಿಡಿದಳು. “ಇದಕ್ಕೆ ನಿಮ್ಮನೇಲಿ ಏನಂತೀರಿ? ನಂಗೆ ಗೊತ್ತಿಲ್ಲ, ಹೇಳ್ಕೊಡಿ” ಎಂದಳು. ಎಲ್ಲ ತಲೆಗಳೂ ಹಿಂದಕ್ಕೆ, ನನ್ನ ಕಡೆಗೆ ತಿರುಗಿದವು. ಅಲ್ಲಿ ಅಡ್ಡವಾಗಿದ್ದದ್ದು ನಾನೇ. ಎದ್ದು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದೆ.

ಹೊಂಗೆ ಮರದ ಕೆಳಗೆ ನಿಂತು ಕಿವಿಗೊಟ್ಟೆ. ಒಳಗೆ ಗಿರಿಜಾ ಅದೇ ಪ್ರಶ್ನೆ ಮತ್ತೆ ಕೇಳಿದಳು. ಆಮೇಲೆ ಒಂದು ಸಣ್ಣ ದನಿ, “ಶೆನಕ್ಕಾಯ ಚೆಟ್ಟು.” ಗಿರಿಜಾ ಅದನ್ನು ತಪ್ಪುತಪ್ಪಾಗಿ ಹೇಳಿದಳು. ಯಾರೋ ನಕ್ಕರು, ಇನ್ಯಾರೋ ತಿದ್ದಿದರು. ಮತ್ತೆ ಅವಳು “ಕನ್ನಡದಲ್ಲಿ ಕಡಲೆಕಾಯಿ ಗಿಡ” ಎಂದಾಗ ಇಡೀ ಕೋಣೆ ಕೂಗಿತು. ಶಾಲೆ ಬಿಡಲು ಹನ್ನೊಂದೂವರೆಗೆ ಹೊಡೆಯಬೇಕಾದ ಗಂಟೆಯನ್ನು ಯಾರೂ ಹೊಡೆಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೇಳದೆ ಕೇಳದೆ ಹೊರಟೆ.

ಊರ ಬಾವಿ ದಾಟುವಷ್ಟರಲ್ಲಿ ಹಿಂದೆ ಓಡಿ ಬರುವ ಸದ್ದು ಕೇಳಿತು. ಗಿರಿಜಾ. ಏದುಸಿರು, ಕೈ ತುಂಬ ಸೀಮೆಸುಣ್ಣದ ಪುಡಿ.

“ಸಾರ್, ಆ ಕಾಗದ...”

ಜೇಬಿನಿಂದ ತೆಗೆದು ಕೊಡಲು ಹೋದೆ.

“ಬ್ಯಾಡ, ನಿಮ್ಮ ಹತ್ರಾನೇ ಇರ್ಲಿ. ಆಫೀಸಿಗೂ ಕೊಡಬೇಡಿ, ಹರಿಯಲೂಬೇಡಿ. ಸೋಮವಾರ ಹೆಂಗಾಗುತ್ತೋ ನೋಡ್ತೀನಿ” ಎಂದು ಹಾಗೇ ತಿರುಗಿ ಓಡಿದಳು.

ಪಾವಗಡದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತ್ತು. ಕಾಫಿ ಕುಡಿಯಲೂ ಇಳಿಯದೆ ಜೇಬಿನ ಮೇಲೆ ಕೈಯಿಟ್ಟು ಕೂತಿದ್ದೆ. ಕೊರಟಗೆರೆ ತಲುಪಿದಾಗ ದೀಪ ಹಚ್ಚುವ ಹೊತ್ತು.

ಸೋಮವಾರ ಆ ವರ್ಷದ ತರಬೇತಿಯವರಿಬ್ಬರು ಹೊಸ ಟಿಪ್ಪಣಿ ಪುಸ್ತಕ ತೆರೆದು ನನ್ನ ಮೇಜಿನ ಮೇಲಿಟ್ಟು, ಮೊದಲ ಪುಟದಲ್ಲಿ ನಾನು ಸೂಚನೆ ಬರೆಯಲೆಂದು ಕಾದು ನಿಂತರು. ಅಷ್ಟು ಹೊತ್ತಿಗೆ ಅಲ್ಲಿ ಗಿರಿಜಾ ಗಂಟೆ ಹೊಡೆದಿರುತ್ತಾಳೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯಲು ನನಗೆ ಕೈ ಬರಲಿಲ್ಲ.