ತೊಂಬತ್ತು ಕೆಜಿಯ ಕೆಳಗೆ

ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ವಯಸ್ಸು ನಲವತ್ತಮೂರು, ತೂಕ ನಲವತ್ತೆಂಟು ಕೆಜಿ. ಜೊತೆಯವರು ಪ್ರೀತಿಯಿಂದ ಇಟ್ಟ ಹೆಸರು ಕಡ್ಡಿ. ಮೇಲಿನ ಮಹಡಿಯಲ್ಲಿ ಜಿಯು-ಜಿತ್ಸು ಕಲಿಸುತ್ತಿದ್ದರು. ಹೊಡೆತವಿಲ್ಲದೆ, ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿದಿಡುವ ಕುಸ್ತಿಯಂಥ ವಿದ್ಯೆ. ಅಲ್ಲಿ ಹರಿದ ಅಂಗಿಗಳು ರಿಪೇರಿಗೆ ಇವಳ ಬಳಿ ಬರುತ್ತಿದ್ದವು. ಒಂದು ದಿನ ಅಂಗಿ ಕೊಡಲು ಹೋದವಳು ಬಾಗಿಲಲ್ಲೇ ಅರ್ಧ ಗಂಟೆ ನಿಂತುಬಿಟ್ಟಳು. ಮರುವಾರ ತನಗೂ ಒಂದು ಅಂಗಿ ಹೊಲಿದುಕೊಂಡು ಸೇರಿಯೇಬಿಟ್ಟಳು.

"ಈ ವಯಸ್ಸಲ್ಲಿ ನೆಲದ ಮೇಲೆ ಹೊರಳಾಡೋಕೆ ಹೋಗ್ತೀಯಾ?" ಎಂದು ಅತ್ತೆ ಮೂಗು ಮುರಿದರು.

ಮೊದಲ ನಾಲ್ಕು ತಿಂಗಳು ಅವಳು ಚಪ್ಪಟೆಯಾದದ್ದೇ ಹೆಚ್ಚು. ಜೊತೆಗಾರ ಲಾರಿ ಡ್ರೈವರ್, ತೊಂಬತ್ತು ಕೆಜಿಯ ಆಸಾಮಿ. ಮನಸ್ಸು ಮಾತ್ರ ಬೆಣ್ಣೆ. ಅವನು ಅವಳ ಇಬ್ಬದಿಗೂ ಮಂಡಿಯೂರಿ ಹೊಟ್ಟೆಯ ಮೇಲೆ ಕೂತರೆ, ಇವಳು ಹಲ್ಲು ಕಚ್ಚಿ ತಳ್ಳಿ, ಒದ್ದಾಡಿ, ಕೊನೆಗೆ ಕೈ ಚೆಲ್ಲುತ್ತಿದ್ದಳು.

ಕೋಚ್ ಇವಳಿಗಿಂತ ಹದಿನೈದು ವರ್ಷ ಚಿಕ್ಕವಳು. ಒಂದು ಸಂಜೆ ಹೇಳಿದಳು: "ಅಕ್ಕಾ, ತಳ್ಳಬೇಡಿ. ಕಣ್ಣು ಮುಚ್ಕೊಂಡು, ಇವರ ಭಾರ ಎಲ್ಲಿದೆ ಅಂತ ಬಾಯಲ್ಲಿ ಹೇಳಿ. ಅಷ್ಟೇ ಸಾಕು."

"ಎಡ ಮಂಡಿ," ಎಂದಳು ಇವಳು, ಕಣ್ಣು ಮುಚ್ಚಿ.

"ಅಲ್ಲ ಅಕ್ಕಾ, ಬಲ," ಎಂದ ಡ್ರೈವರ್, ತಪ್ಪು ತನ್ನದೇ ಎಂಬಂತೆ.

ಹತ್ತಕ್ಕೆ ಎಂಟು ತಪ್ಪು. ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದಳು. ವಿಷಯ ಕೇಳಿದ ಅತ್ತೆ, "ಇಷ್ಟೇನಾ? ಕಂಬಳಿ ಹಾಸು. ನಾನು ಕೂತ್ಕೋತೀನಿ," ಎಂದರು.

ಅಂದಿನಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಹತ್ತು ನಿಮಿಷ ಅದೇ ಅಭ್ಯಾಸ. ಅತ್ತೆ ತುಂಬು ಮೈಯವರು, ಮೇಲಾಗಿ ಮಹಾ ಕಿಲಾಡಿ. ಬಲಕ್ಕೆ ವಾಲಿದಂತೆ ಮಾಡಿ ಎಡಕ್ಕೆ ಭಾರ ಬಿಡುವರು. ಸೊಸೆ ತಪ್ಪಿದರೆ ಕಿಸಕ್ಕನೆ ನಗುವರು. ಮೂರನೆಯ ವಾರದ ಹೊತ್ತಿಗೆ ಅವಳ ಪಕ್ಕೆಗಳಿಗೆ ಏನೋ ತಿಳಿಯತೊಡಗಿತು. ಅತ್ತೆ ಸರಿಯುವ ಮೊದಲೇ ಒಂದು ತೊಡೆ ತುಸು ಬಿಗಿಯುತ್ತಿತ್ತು, ಇನ್ನೊಂದು ಹಗುರಾಗುತ್ತಿತ್ತು.

"ಈಗ ಎಡಕ್ಕೆ ಬರ್ತೀರಿ ಅತ್ತೆ."

"ಅಯ್ಯೋ ಇವಳ! ನಾನಿನ್ನೂ ಅಲ್ಲಾಡೇ ಇಲ್ಲ ಕಣೇ!"

ಮುಂದಿನ ಶನಿವಾರ ಅತ್ತೆಯೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಗೋಡೆ ಪಕ್ಕದ ಬೆಂಚಿನಲ್ಲಿ ಕೂತರು. ಡ್ರೈವರ್ ಎಂದಿನಂತೆ ಮೇಲೆ ಬಂದ. ಅವಳು ಕಣ್ಣು ಮುಚ್ಚಿ ಕಾದಳು. ಅವನ ಎಡ ಮಂಡಿ ಹಗುರಾಯಿತು. ಅವನ ಬಲಗೈ ಅವಳ ಎಡಗಿವಿಯ ಪಕ್ಕ ನೆಲ ಮುಟ್ಟುವುದಕ್ಕೂ ಅವಳು ಆ ಕೈಯನ್ನು ಎದೆಗೆ ಅವುಚಿಕೊಳ್ಳುವುದಕ್ಕೂ ಸರಿಹೋಯಿತು. ಎಡಗಾಲಿನಿಂದ ಅವನ ಪಾದವನ್ನು ಒತ್ತಿಹಿಡಿದು, ಸೊಂಟ ಎತ್ತಿ, ಎಡಕ್ಕೆ ಹೊರಳಿದಳು. ಅಷ್ಟೂ ದೇಹ ಧೊಪ್ಪೆಂದು ಮಗುಚಿತು. ಕಣ್ಣು ಬಿಟ್ಟರೆ ಅವನು ಕೆಳಗೆ, ಇವಳು ಮೇಲೆ!

"ನಾನು ಬಿಟ್ಟುಕೊಟ್ಟಿಲ್ಲ ಅಕ್ಕಾ, ದೇವರಾಣೆಗೂ!" ಎಂದ, ನಗುತ್ತ.

"ಇನ್ನೊಂದು ಸಲ," ಎಂದಳು ಕೋಚ್. ಎರಡನೆಯ ಸಲ ಅವನು ಹುಷಾರಾಗಿದ್ದ, ಆಗಲಿಲ್ಲ. ಮೂರನೆಯ ಸಲ ಮತ್ತೆ ಉರುಳಿದ.

"ಕಲಿಸಿದ್ದು ನಾನೇ ಕಣಮ್ಮಾ," ಎಂದು ಅತ್ತೆ ಕೋಚ್‌ಗೆ ಕೇಳುವಂತೆ ಹೇಳಿದರು.

ಮರುದಿನ ಅತ್ತೆ ತಮ್ಮ ತಂಗಿಗೆ ಫೋನು ಮಾಡಿ ವರದಿ ಒಪ್ಪಿಸಿದರು. ತಮ್ಮ ನಾದಿನಿಗೆ ಹೇಳುವಾಗ ಡ್ರೈವರ್ ನೂರು ಕೆಜಿಗೆ ಏರಿದ್ದ. ಪಕ್ಕದ ಮನೆಯವರಿಗೆ ಹೇಳುವಷ್ಟರಲ್ಲಿ ನೂರಾಹತ್ತು. ಅವಳು ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಳು. ತಿದ್ದಲು ಹೋಗಲಿಲ್ಲ.