ಫ್ರೆಂಚ್ ಯಾಕೆ ಅಂತ ಕೇಳಿದೆ

ಆ ಶನಿವಾರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್‌ನಲ್ಲಿ ಪರಿಚಯದವರೊಬ್ಬರ ಮನೆಯ ಗೃಹಪ್ರವೇಶ. ನಮ್ಮವರು ಪೇಪರ್ ಪ್ಲೇಟು ಹಿಡಿದು ನಿಂತು, ಯಾರೋ ಹೊಸಬರಿಗೆ ನಮ್ಮ ಮಗಳ ಓದಿನ ವಿಚಾರ ವಿವರಿಸುತ್ತಿದ್ದರು. ಪ್ಲೇಟಿನಲ್ಲಿ ಬಿಸಿಬೇಳೆಬಾತು ತಣ್ಣಗಾಗಿ ಗಟ್ಟಿಯಾಗಿತ್ತು.

"ಲಾ ವಿತ್ ಫ್ರೆಂಚ್," ಅಂದರು.

"ಅಂದ್ರೆ ಎರಡು ಡಿಗ್ರಿನಾ ಸಾರ್?"

"ಇಲ್ಲ ಇಲ್ಲ, ಒಂದೇ. ಇಂಗ್ಲೆಂಡಲ್ಲಿ ನಾಲ್ಕು ವರ್ಷ. ಅದರಲ್ಲಿ ಮೂರನೇ ವರ್ಷ ಫ್ರಾನ್ಸಲ್ಲಿ."

"ಲಾ ಮಾಡಕ್ಕೆ ಮೊದಲು ಒಂದು ಡಿಗ್ರಿ ಆಗಿರಬೇಕಲ್ವಾ?"

"ಇಲ್ಲಿ ಆಗಿರಬೇಕು. ಅಲ್ಲಿ ಬೇಡ. ನಮ್ಮ ಕಡೆ ಪಿಯುಸಿ ಆದ್ಮೇಲೆ ಐದು ವರ್ಷದ ಲಾ ಇಲ್ವಾ? ಹಂಗೇ."

"ಮತ್ತೆ ಫ್ರೆಂಚ್ ಯಾಕೆ?"

"ಈಗೆಲ್ಲ ಇಂಟರ್‌ನ್ಯಾಷನಲ್ ಅಲ್ವೇನ್ರೀ! ಎಲ್ಲಿ ಬೇಕಾದ್ರೂ ಪ್ರಾಕ್ಟೀಸ್ ಮಾಡಬಹುದು."

ಕೇಳಿದವರು ತಲೆಯಾಡಿಸಿದರು. ಪಕ್ಕದಲ್ಲಿ ನಿಂತು ನಾನೂ ಆಡಿಸಿದೆ. (ನನಗೂ ಅಷ್ಟೇ ಅರ್ಥವಾಗಿತ್ತು.)

ವಾಪಸು ವಾಲ್ನಟ್ ಕ್ರೀಕಿಗೆ ಬರುವಾಗ ಫ್ರೀವೇಯಲ್ಲಿ ಕಾರಿನ ಏಸಿ ಬೇಕೋ ಬೇಡವೋ ಎಂದು ಜಗಳವಾಡಿದೆವು. ಕರಿಬೇವು ತರುವುದು ಮರೆತೆವು. "ನಾಳೆ ಉಪ್ಪಿಟ್ಟು ಬೇಡಮ್ಮ, ದೋಸೆ ಮಾಡು," ಎಂದು ಅವರು ಮಲಗಿದರು.

ಮರುದಿನ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಟ್ರೇಲಿನಲ್ಲಿ ವಾಕಿಂಗ್ ಹೋದವರು ದಾರಿಯಲ್ಲೇ ಕುಸಿದುಬಿದ್ದರು. ಹಿಂದೆ ಓಡುತ್ತಾ ಬರುತ್ತಿದ್ದ ಹೆಂಗಸೊಬ್ಬಳು ನೋಡಿ, ಫೋನು ಮಾಡಿ, ಆಂಬುಲೆನ್ಸ್ ಬರುವವರೆಗೂ ಅವರ ಎದೆ ಒತ್ತುತ್ತಾ ಕೂತಿದ್ದಳಂತೆ. ನಾನು ಹೋಗುವ ಹೊತ್ತಿಗೆ ಅವಳ ಮಂಡಿಯೆಲ್ಲ ಮಣ್ಣು. ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಅವರು ಉಳಿಯಲಿಲ್ಲ.

ನಿಮಗೆಲ್ಲ ವಿಷಯ ಗೊತ್ತಿದೆ. ಈ ಅಂಕಣ ಕೆಲವು ತಿಂಗಳು ಯಾಕೆ ಬರಲಿಲ್ಲ ಎಂದು ಸಂಪಾದಕರು ತಿಳಿಸಿದ್ದರು. ಇಲ್ಲಿ ಆಗಾಗ ಬಂದು ನನ್ನಿಂದ ಬೈಸಿಕೊಂಡು ಹೋಗುತ್ತಿದ್ದ ನಮ್ಮವರನ್ನು ನೀವೂ ಬಲ್ಲಿರಿ. ನಿಮ್ಮ ಸಮಾಧಾನದ ಮಾತುಗಳನ್ನೆಲ್ಲ ಓದಿದ್ದೇನೆ. ಆದರೆ ಈ ವಾರ ಬರೆಯಬೇಕಾಗಿರುವುದು ಆ ವಿಷಯವಲ್ಲ. ಅದರ ಪಕ್ಕದ ಒಂದು ವಿಷಯ.

ನಮಗೆ ಒಬ್ಬಳೇ ಮಗಳು, ಸಿಂಚನ. ವಿಷಯ ತಿಳಿದ ತಕ್ಷಣ ಇಂಗ್ಲೆಂಡಿನಿಂದ ಬಂದಳು. ಇಲ್ಲಿ ಚಿತೆ ಇಲ್ಲ, ದಹನಯಂತ್ರದ ಒಂದು ಗುಂಡಿ ಒತ್ತಬೇಕು, ಅಷ್ಟೇ. ಅದನ್ನು ಅವಳೇ ಒತ್ತಿದಳು. ಹನ್ನೊಂದರ ಕಾರ್ಯ ಮುಗಿಯಿತು. ಪರೀಕ್ಷೆಗೆ ಹೋಗಿ, ಬರೆದು, ಬೇಸಿಗೆ ರಜಕ್ಕೆ ಮತ್ತೆ ಬಂದಳು.

ಬಂದವಳು ಒಂದು ದಿನ ಟೊಮೆಟೊ ಹೆಚ್ಚುತ್ತಾ ಹೇಳಿದಳು. "ಅಮ್ಮಾ, ಐ ಕ್ಯಾನ್ ಡ್ರಾಪ್ ದಿ ಫ್ರೆಂಚ್."

"ಹಂಗಂದ್ರೆ?"

"ಫ್ರಾನ್ಸಿಗೆ ಹೋಗಲ್ಲ. ಜಸ್ಟ್ ಲಾ. ಒಂದು ವರ್ಷ ಕಮ್ಮಿ. ಬೇಗ ಮನೆಗೆ ಬರ್ತೀನಿ. ಯೂನಿವರ್ಸಿಟಿಗೆ ಶುಕ್ರವಾರದ ಒಳಗೆ ಹೇಳಬೇಕು."

ನನ್ನ ಮನಸ್ಸು ಥಟ್ಟನೆ 'ಸರಿ, ಬಾ' ಅಂದಿತು. ಬಾಯಿ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಅವಳು ಬಿಡುತ್ತೇನೆ ಅನ್ನುತ್ತಿರುವುದು ಏನನ್ನು? ಅದು ಗೊತ್ತಿಲ್ಲದೆ ಬಿಡು ಅನ್ನುವುದು ಹೇಗೆ? ಇರಲಿ ಅನ್ನುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಊಟ, ಜ್ವರ, ಬಟ್ಟೆ ನನ್ನ ಡಿಪಾರ್ಟ್‌ಮೆಂಟು. ಓದು ಅವರದು. ನಾನು ಮದ್ದೂರಿನಲ್ಲಿ ಬಿ.ಎ. ಓದಿ, ಇಲ್ಲಿ ಡೇಕೇರಿನಲ್ಲಿ ಮಕ್ಕಳನ್ನು ಮಲಗಿಸುವವಳು.

ಇಂಥ ಹೊತ್ತಿನಲ್ಲಿ ನಮ್ಮ ಜನ ಏನು ಮಾಡುತ್ತೇವೆ? ನಾಲ್ಕು ಜನರನ್ನು ಕೇಳುತ್ತೇವೆ. ಕೇಳದಿದ್ದರೂ ಅವರೇ ಹೇಳುತ್ತಾರೆ.

ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಸರೋಜಾಬಾಯಿಯವರು ಮಗನ ಜೊತೆ ಇದ್ದಾರೆ. ನಮ್ಮವರು ಹೋದಾಗಿನಿಂದ ದಿನಾ ಸಂಜೆ ಕೆಳಗಿಳಿದು ಬಂದು ನನ್ನ ಜೊತೆ ಚಹಾ ಕುಡಿಯುವವರು. ಅಮೃತದಂಥ ಮನಸ್ಸು, ಬೆಣಚುಕಲ್ಲಿನಂಥ ಮಾತು.

"ನೋಡವಾ, ಅಪ್ಪಗ ಬೆಂಕಿ ಕೊಟ್ಟಾಕಿ ಅಕಿ. ವರ್ಷ ತುಂಬೂತನಕ ಸಮುದ್ರ ದಾಟಬಾರದು. ಹೊಸಾ ಶುಭಕಾರ್ಯ ಏನೂ ಸುರು ಮಾಡಬಾರದು. ನಮ್ಮ ಕಡೆ ಹಂಗ ಅದ."

ಸಮುದ್ರ ದಾಟಬಾರದು! (ನಾವೆಲ್ಲ ಹಳ್ಳ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬಂದೆವೇ?) ಆದರೂ ನನಗೆ ಭಯವಾಯಿತು. ಇಂಥ ಮಾತು ಒಂದು ಸಲ ಕಿವಿಗೆ ಬಿದ್ದರೆ ಮುಗಿಯಿತು. ಓದುವುದು ಶುಭಕಾರ್ಯವೋ ಅಲ್ಲವೋ? ಮದುವೆ, ಮುಂಜಿ, ಗೃಹಪ್ರವೇಶ ಸರಿ. ಕಾಲೇಜು? ಮೂರನೇ ವರ್ಷ ಅಂದರೆ ಹೊಸದಾಗಿ ಶುರು ಮಾಡಿದ್ದೋ, ಮೊದಲೇ ಶುರುವಾಗಿದ್ದೋ?

ಸಿಂಚನ ಸೋಫಾದಿಂದಲೇ ಹೇಳಿದಳು. "ಅಜ್ಜಿ, ಇಂಗ್ಲೆಂಡ್ ಟು ಫ್ರಾನ್ಸ್ ಈಸ್ ಎ ಟ್ರೈನ್. ಸಮುದ್ರದ ಕೆಳಗೆ ಹೋಗುತ್ತೆ."

"ಕೆಳಗ ಅಂದ್ರ? ನೀರಾಗ?"

"ಅಲ್ಲ, ನೀರಿನ ಕೆಳಗೆ. ಮಣ್ಣಲ್ಲಿ. ಟನೆಲ್."

ಸರೋಜಾಬಾಯಿ ಬಸಿಯಲ್ಲಿದ್ದ ಚಹಾ ಮರೆತರು. "ಹಂಗಾದ್ರ ಅದು ದಾಟಿದಂಗೋ, ದಾಟಲಾರದಂಗೋ?"

ನಾವು ಮೂವರೂ ಗಂಭೀರವಾಗಿ ಯೋಚಿಸಿದೆವು. ದೋಣಿಯಲ್ಲಿ ಹೋದರೆ ದಾಟಿದ ಹಾಗೆ. ವಿಮಾನದಲ್ಲಿ ಹೋದರೂ ದಾಟಿದ ಹಾಗೆ. ಕೆಳಗೆ ನುಸುಳಿ ಹೋದರೆ? "ಮಗನ್ನ ಕೇಳಿ ಹೇಳತೇನಿ ತಡಿ," ಎಂದು ಅವರು ಎದ್ದರು. ಮಗ ಸಾಫ್ಟ್‌ವೇರಿನವನು. (ಟನೆಲ್ಲಿನ ಚರ್ಚೆಯಲ್ಲಿ, ಅದಕ್ಕೂ ಮೊದಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಲಂಡನ್ನಿಗೆ ವಿಮಾನ ಹತ್ತಬೇಕು ಎನ್ನುವುದು ಮೂವರಿಗೂ ಹೊಳೆಯಲಿಲ್ಲ.)

ಆಮೇಲೆ ಶಿವಣ್ಣನಿಗೆ ಫೋನು ಮಾಡಿದೆ. ಶಿವಣ್ಣ ಹಾಸನದವನು, ನಮ್ಮವರಿಗೆ ಇಲ್ಲಿ ಎಲ್ಲರಿಗಿಂತ ಹತ್ತಿರದ ಸ್ನೇಹಿತ. ಎಮರಿವಿಲ್‌ನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕಾರ್ಟೂನ್ ಪ್ರಾಣಿಗಳ ಕೂದಲು ಗಾಳಿಗೆ ಸರಿಯಾಗಿ ಹಾರಾಡುವಂತೆ ಮಾಡುವ ಕೆಲಸ. ಹುಡುಗಿಯ ಓದಿನ ಬಗ್ಗೆ ಇವರು ಮನಸ್ಸು ಬಿಚ್ಚಿ ಮಾತಾಡಿದ್ದರೆ ಅವನ ಹತ್ತಿರವೇ.

"ಶಿವಣ್ಣ, ಈ ಫ್ರಾನ್ಸ್ ವಿಚಾರದಲ್ಲಿ ಅವರು ನಿನ್ನ ಹತ್ರ ಏನು ಹೇಳ್ತಿದ್ರು? ಅವಳು ಹೋಗೋದು ಅಷ್ಟು ಮುಖ್ಯನಾ?"

ಆ ಕಡೆಯಿಂದ ಸಣ್ಣ ನಗು.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಅವನಿಗೇ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ?"

"ಏನೂ! ವಾಕಿಂಗಲ್ಲಿ ನನ್ನನ್ನೇ ಕೇಳೋನು. 'ಅಲ್ಲ ಕಣ್ಲಾ ಶಿವ, ಇಂಗ್ಲೆಂಡಿನ ಕಾನೂನು, ಫ್ರಾನ್ಸಿನ ಕಾನೂನು, ಮನೆ ಕ್ಯಾಲಿಫೋರ್ನಿಯಾದಲ್ಲಿ. ಇವಳು ಕೊನೆಗೆ ಯಾವ ಕೋರ್ಟಲ್ಲಿ ನಿಂತ್ಕೋತಾಳೆ?' ಅಂತ. ನಾನು ನಾಯಿ ಕೂದಲು ಬಾಚೋನು, ನಾನೇನ್ ಹೇಳ್ಲಿ ಅತ್ತಿಗೆ?"

"ಎಲ್ಲರ ಮುಂದೆ ಅಷ್ಟು ಚೆನ್ನಾಗಿ ಹೇಳ್ತಿದ್ರಲ್ಲ?"

"ಮಗಳ ವಿಷಯ ಅಲ್ವಾ. ಗೊತ್ತಿಲ್ಲ ಅಂತ ಹೇಳಕ್ಕಾಗುತ್ತಾ?"

ಫೋನಿಟ್ಟ ಮೇಲೆ ನಗು ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು. ಒಂದೇ ಮನೆಯಲ್ಲಿ ಇಬ್ಬರಿಗೂ ಅರ್ಥವಾಗಿರಲಿಲ್ಲ. ಅವರಿಗೆ ಗೊತ್ತಿದೆ ಎಂದು ನಾನು ನೆಮ್ಮದಿಯಾಗಿದ್ದೆ. ಪಾಪ, ಅವರು ಯಾರನ್ನು ನೋಡಿ ನೆಮ್ಮದಿಯಾಗಿದ್ದರೋ?

ಗುರುವಾರ ಸಂಜೆ ಮಗಳನ್ನೇ ಕೇಳಿದೆ. ಬಟ್ಟೆ ಮಡಚುತ್ತಿದ್ದೆವು.

"ಫ್ರೆಂಚ್ ಯಾಕೆ?"

"ಅಮ್ಮಾ, ಹೇಳಿದ್ನಲ್ಲ. ನಾನು ಬಿಡ್ತೀನಿ, ಇಟ್ಸ್ ಫೈನ್."

"ಬಿಡೋದು ಆಮೇಲೆ. ಯಾಕೆ ತಗೊಂಡೆ? ನನಗೆ ಅರ್ಥ ಆಗೋ ಹಾಗೆ ಒಂದು ಉದಾಹರಣೆ ಹೇಳು."

ಅವಳು ಕೈಯಲ್ಲಿದ್ದ ಟವೆಲ್ಲನ್ನು ಮಡಚಿ ಪಕ್ಕಕ್ಕಿಟ್ಟಳು. "ಪ್ರಾಮಿಸ್ ಯೂ ವೋಂಟ್ ಗೆಟ್ ಅಪ್‌ಸೆಟ್."

"ಹೇಳು."

"ಯಾರೋ ಗೊತ್ತಿಲ್ಲದವರು ರೋಡಲ್ಲಿ ಬೀಳ್ತಾರೆ. ನೀನು ನೋಡ್ತೀಯ. ಇಂಗ್ಲೆಂಡಲ್ಲಿ ಲಾ ಏನು ಹೇಳುತ್ತೆ ಗೊತ್ತಾ? ನೀನು ಸುಮ್ನೆ ನಡ್ಕೊಂಡು ಹೋಗಬಹುದು. ಇಟ್ಸ್ ನಾಟ್ ಎ ಕ್ರೈಮ್. ಇಲ್ಲೂ ಅಷ್ಟೇ. ಫ್ರಾನ್ಸಲ್ಲಿ ಹಂಗೆ ಹೋದ್ರೆ ಕ್ರೈಮ್. ನಿನಗೆ ಡೇಂಜರ್ ಇಲ್ಲ ಅಂದ್ರೆ ಹೆಲ್ಪ್ ಮಾಡ್ಲೇಬೇಕು. ಅಟ್ ಲೀಸ್ಟ್ ಫೋನ್ ಮಾಡ್ಬೇಕು. ಬೀಳೋ ಮನುಷ್ಯ ಒಂದೇ, ಅಮ್ಮ. ಎರಡು ದೇಶ ಯಾಕೆ ಎರಡು ಥರ ಯೋಚನೆ ಮಾಡುತ್ತೆ? ಅದು ಅವರ ಭಾಷೆಯಲ್ಲಿ ಓದಿದ್ರೇನೇ ಗೊತ್ತಾಗೋದು."

ನಾನು ಒಂದು ದಿಂಬಿನ ಕವರನ್ನು ಮಡಚಿದೆ. ಬಿಚ್ಚಿ ಮತ್ತೆ ಮಡಚಿದೆ.

"ಹಾಗಾದ್ರೆ ಆ ಹೆಂಗಸು ನಿಲ್ಲಬೇಕು ಅಂತ ಏನೂ ಇರಲಿಲ್ವಾ?"

"ಇಲ್ಲ."

"ಓಡ್ಕೊಂಡು ಹೋಗಿಬಿಡಬಹುದಿತ್ತಾ?"

"ಹೂಂ."

"ಆದ್ರೂ ನಿಂತಳಲ್ಲ. ಮಂಡಿ ಊರಿ ಕೂತಿದ್ದಳಲ್ಲ. ಯಾಕೆ?"

"ಐ ಡೋಂಟ್ ನೋ, ಅಮ್ಮ."

ಈ ಹುಡುಗಿಗೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಿಲ್ಲ. ಅದು ಅವರಿಂದ ಬಂದದ್ದಲ್ಲ. ನನ್ನಿಂದಲೂ ಅಲ್ಲ ಅನ್ನಿಸುತ್ತದೆ. ಎರಡು ವರ್ಷ ಲಾ ಓದಿದ್ದರಿಂದ ಬಂತೋ, ಆ ಗುಂಡಿ ಒತ್ತಿದ ಮೇಲೆ ಬಂತೋ, ಯಾರನ್ನು ಕೇಳಲಿ?

"ಹೋಗು," ಅಂದೆ.

"ಆರ್ ಯೂ ಶೂರ್? ನೀನೊಬ್ಬಳೇ..."

"ಶೂರ್ ಗೀರ್ ಏನಿಲ್ಲ. ಹೋಗು."

ಇದನ್ನು ಓದಿ, ನಾನು ತುಂಬಾ ಯೋಚಿಸಿ ಧೈರ್ಯದಿಂದ ಕಳಿಸಿದೆ ಎಂದು ನೀವು ತಿಳಿಯಬಾರದು. ಧೈರ್ಯ ಎಲ್ಲಿತ್ತು? ಅವಳು ಇಲ್ಲೇ ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಅದು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತಿದ್ದದ್ದು. ಅವಳಿಗೆ ಯಾವುದು ಒಳ್ಳೆಯದು ಎನ್ನುವುದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಗಂಡ ಹೋದ ಮೇಲೆ ಹೆಂಗಸರು ಗಟ್ಟಿಯಾಗುತ್ತಾರೆ ಅನ್ನುತ್ತಾರಲ್ಲ, ಯಾರು ಅವರು? ಎಲ್ಲಿದ್ದಾರೆ?

ಸರೋಜಾಬಾಯಿಯವರಿಗೆ ಹೆದರಿಕೊಂಡೇ ಹೇಳಿದೆ. ಅವರು ಚಹಾ ಬಸಿಗೆ ಸುರಿದುಕೊಂಡರು. "ಆತು, ಹೋಗಲಿ ಬಿಡು. ಓದೂದು ಏನು ಲಗ್ನ ಅಲ್ಲಲಾ. ಒಂದ್ ಹಿಡಿ ಕರೀ ಎಳ್ಳು ಕಟ್ಟಿ ಕಳಸು, ಅಲ್ಲಿ ಸಿಗತಾವೋ ಇಲ್ಲೋ." ಮರುದಿನ ಎಳ್ಳನ್ನು ಅವರೇ ತಂದುಕೊಟ್ಟರು.

ಸಿಂಚನ ಈಗ ಫ್ರಾನ್ಸಿನ ಲಿಯೋನ್‌ನಲ್ಲಿದ್ದಾಳೆ. ಒಂದು ಕಿಟಕಿ, ಒಂದು ಒಲೆ ಇರುವ ರೂಮು. ಮಹಾಲಯ ಅಮಾವಾಸ್ಯೆಯ ದಿನ ನಾನು ಇಲ್ಲಿ ನಮ್ಮ ಮಂಡ್ಯದ ಪದ್ಧತಿಯಂತೆ ಅವರ ಫೋಟೋದ ಮುಂದೆ ಎಡೆ ಇಟ್ಟೆ. ಮುದ್ದೆ, ಕೋಳಿಸಾರು, ಅವರ ಇಷ್ಟದ ಕಡಲೆಬೀಜದ ಚಿಕ್ಕಿ. ಅವಳು ಅಲ್ಲಿ ಫೋನಿನಲ್ಲಿದ್ದ ಅವರ ಫೋಟೋವನ್ನು ಕಿಟಕಿಗೆ ಒರಗಿಸಿ, ಆಮ್ಲೆಟ್ಟು, ಬ್ರೆಡ್ಡು, ಕಾಫಿ ಇಟ್ಟಳಂತೆ. ಸರಿಯೋ ತಪ್ಪೋ? ಕೇಳಲು ಹೋಗಲಿಲ್ಲ. ಕೇಳಿದರೆ ಮತ್ತೆ ನಾಲ್ಕು ಜನ ನಾಲ್ಕು ಹೇಳುತ್ತಾರೆ.

ಭಾನುವಾರ ಫೋನು ಮಾಡುತ್ತಾಳೆ. ಕ್ಲಾಸಿನಲ್ಲಿ ಲೆಕ್ಚರರ್ ಹೇಳುವುದು ಅರ್ಧಕ್ಕರ್ಧ ತಿಳಿಯುವುದಿಲ್ಲವಂತೆ. "ಎಲ್ಲರೂ ನಕ್ಕಾಗ ನಾನೂ ನಗ್ತೀನಿ ಅಮ್ಮ," ಅನ್ನುತ್ತಾಳೆ. ಊಟ ಆಯಿತಾ, ಚಳಿ ಇದೆಯಾ, ಹೀಟರ್ ಸರಿಯಾಯಿತಾ ಎಂದು ಕೇಳುತ್ತೇನೆ. ಆಯಿತು, ಇದೆ, ಇಲ್ಲ ಅನ್ನುತ್ತಾಳೆ. ಅಷ್ಟಕ್ಕೆ ನನ್ನ ಪ್ರಶ್ನೆಗಳು ಮುಗಿಯುತ್ತವೆ.

ಆಮೇಲೆ ಫೋನು ಕೊಡಲು ಪಕ್ಕದಲ್ಲಿ ಯಾರೂ ಇಲ್ಲ.